ಮುರಿಗೆವ್ವ ಅಕ್ಕೋರು ಗೆದ್ದ ಚರ್ಚೆ

ಎಲ್ಲಾಪುರದಲ್ಲಿ ಮಾಸ್ತರರ ಚರ್ಚಾಕೂಟ ಇದೆ, ನಮ್ಮ ಶಾಲೆಯಿಂದ ನೀವೇ ಮಾತಾಡಬೇಕು ಎಂದು ಶಾಲಾ ಕಮಿಟಿಯ ಅಧ್ಯಕ್ಷ ಸೀತಾರಾಮ ಹೆಗಡೆಯವರು ಬಂದು ಹೇಳಿದಾಗ ಮುರಿಗೆವ್ವನಿಗೆ ಮೊದಲು ಸಂತೋಷವೇ ಆಯಿತು. ವಿಷಯ ಏನೆಂದು ಕೇಳಿದ ಮೇಲೆ ಆ ಸಂತೋಷ ಹಾಗೇ ಇಳಿದುಹೋಯಿತು.

“ನಮ್ಮ ದೇಶದ ಗಡಿಯಾರವನ್ನು ಒಂದು ತಾಸು ಮುಂದಿಡಬೇಕು ಅಂತ ವಿಷಯ. ನಿಮ್ಮದು ಪರ. ಇಡಬೇಕು ಅಂತಲೇ ಮಾತಾಡಬೇಕು,” ಎಂದರು ಹೆಗಡೆಯವರು.

“ಬ್ಯಾಡ ಅಂತ ಮಾತಾಡಾಕ ಬರೂದಿಲ್ಲೇನ್ರಿ?”

“ವಿರೋಧಕ್ಕೆ ಶಿರಸಿಯವರು ಒಬ್ಬರು ಬರ್ತಾರೆ. ಎಂತಕ್ಕೆ ಅಷ್ಟು ಚಿಂತೆ ಅಕ್ಕೋರೇ? ನೀವು ಮಾತಾಡಿದ ಕೂಡಲೇ ದಿಲ್ಲಿಯವರು ಮುಳ್ಳು ತಿರುಗಿಸಿಬಿಡ್ತಾರಾ?”

ಮುರಿಗೆವ್ವ ಒಪ್ಪಿಕೊಂಡಳು. ಚೀನಾದ ಲಡಾಯಿ ನಿಂತು ಎರಡು ತಿಂಗಳಾಗಿರಬಹುದು, ಅರವತ್ಮೂರರ ಜನವರಿ. ನಾಟಕವಾಗಲಿ, ಭಜನೆಯಾಗಲಿ, ಎಲ್ಲವೂ ರಕ್ಷಣಾ ನಿಧಿಯ ಹೆಸರಿನಲ್ಲಿ ನಡೆಯುತ್ತಿದ್ದ ಕಾಲ. ಆಗ ‘ನಾನು ಒಲ್ಲೆ’ ಎಂದರೆ ದೇಶಕ್ಕೇ ಒಲ್ಲೆ ಎಂದ ಹಾಗೆ ಕೇಳಿಸುತ್ತಿತ್ತು.

ಮುರಿಗೆವ್ವ ಬನವಾಸಿ ಕಡೆಯ ಹೆಣ್ಣುಮಗಳು. ಅವಳ ತಂದೆ ಮಡಿವಾಳಪ್ಪ ಸಂತೆಯಿಂದ ಸಂತೆಗೆ ಬಟ್ಟೆಯ ಗಂಟು ಹೊತ್ತು ಮಾರುತ್ತಿದ್ದವರು. ಮಗಳನ್ನು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಗೆ ಕೂರಿಸಿದರು, ಅವಳು ಧಾರವಾಡದಲ್ಲಿ ಟ್ರೇನಿಂಗು ಮುಗಿಸಿ ಬರುವಷ್ಟರಲ್ಲಿ ತೀರಿಕೊಂಡಿದ್ದರು. ಜಿಲ್ಲೆ ಮುಂಬಯಿ ಪ್ರಾಂತದಿಂದ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಅವಳಿಗೆ ನೌಕರಿಯಾಯಿತು. ಎರಡು ಊರು ಸುತ್ತಿ ಮೂರನೆಯದಾಗಿ ಬಂದದ್ದು ಜಡೆಕೊಪ್ಪಕ್ಕೆ. ಕಿರವತ್ತಿಯ ಹತ್ತಿರ ಹೆದ್ದಾರಿ ಬಿಟ್ಟು ಒಳಗೆ ನಡೆದರೆ, ಕಾಡು ಶುರುವಾಗುವ ಕಡೆಗೆ ಸಿಗುವ ಊರು. ತಾಯಿ ಗುರುಶಾಂತವ್ವ ಅವಳ ಜೊತೆಗಿದ್ದರು.

ಚಿಂತೆ ಮಾಡುವುದು ಮುರಿಗೆವ್ವನಿಗೆ ಹುಟ್ಟುಗುಣ. ಮಳೆ ಬಂದರೆ ಹಳ್ಳ ತುಂಬೀತು, ಗಾಳಿ ಬೀಸಿದರೆ ಮರ ಬಿದ್ದೀತು, ಯಾವ ಹುಡುಗಿ ಕೆಮ್ಮಿದರೂ ಜ್ವರ ಬಂದೀತು. “ಚಿಂತಿ ಇಲ್ಲದ ದಿನ ಬಂದ್ರ, ಇವತ್ತು ಯಾಕ ಚಿಂತಿ ಇಲ್ಲ ಅಂತ ಕುಂದ್ರಾಕಿ ನೀನು,” ಎಂದು ತಾಯಿ ನಗುತ್ತಿದ್ದರು.

ಜಡೆಕೊಪ್ಪದ ಶಾಲೆಗೆ ಇದ್ದದ್ದು ಒಂದೇ ಕೋಣೆ. ದೊಡ್ಡ ತರಗತಿಗಳನ್ನು ಮುಖ್ಯ ಮಾಸ್ತರರು ಮಧ್ಯಾಹ್ನ ತೆಗೆದುಕೊಳ್ಳುತ್ತಿದ್ದರು. ಸಣ್ಣ ತರಗತಿಗಳು ಮುರಿಗೆವ್ವನ ಪಾಲಿಗೆ, ಬೆಳಿಗ್ಗೆ ಎಂಟಕ್ಕೆ. ಅವಳು ಬರುವ ಮೊದಲು ಆ ಶಾಲೆಗೆ ಕೂಪಿನ ಕೇರಿಯಿಂದ ಒಂದು ಹೆಣ್ಣುಮಗುವೂ ಬರುತ್ತಿರಲಿಲ್ಲ. ಕಾಡಿನೊಳಗೆ ಮರ ಕಡಿಯುವ ಕೂಪಿನಲ್ಲಿ ದುಡಿಯುವವರ ಕೇರಿ ಅದು. ಮಕ್ಕಳ ಕಾಲಿಗೆ ಶಾಲೆಯಿಂದ ಒಂದು ತಾಸಿನ ದಾರಿ. ಮುರಿಗೆವ್ವ ಭಾನುವಾರಗಳಲ್ಲಿ ಅಲ್ಲಿಗೆ ನಡೆದು ಹೋಗಿ ಮನೆ ಮನೆಯ ಮುಂದೆ ಕೂತಳು. ಕೋಣಗಳನ್ನು ಕಟ್ಟಿ ದಿಮ್ಮಿ ಎಳೆಸುವ ಜಟ್ಟಪ್ಪ ಎಂಬವನು ಕೊನೆಯವರೆಗೂ ಒಪ್ಪಿರಲಿಲ್ಲ.

“ಕಾಡು ದಾರಿ ಅಕ್ಕೋರೆ. ಕರಡಿ ಓಡಾಡ್ತದೆ. ನಂಗೆ ಇರೂದು ಒಂದೇ ಹುಡುಗಿ.”

“ಬೆಳಕ ಹರದ ಮ್ಯಾಲ ಮನಿ ಬಿಡ್ಲಿ. ಸಾಲಿ ಎಂಟಕ್ಕ. ಕತ್ತಲ್ದಾಗ ಒಂದಿನಾನೂ ಕರಿಯೂದಿಲ್ಲ. ಇದು ನನ್ನ ಮಾತು.”

ಮಾರನೆಯ ವಾರ ಜಟ್ಟಪ್ಪನ ಮಗಳು ನಾಗಿ ಶಾಲೆಗೆ ಬಂದಳು. ನಾಗಿಯ ಬೆನ್ನಿಗೆ ಪಕ್ಕದ ಮನೆಯ ಹೊನ್ನಿ, ಆಮೇಲೆ ಇನ್ನೂ ಕೆಲವರು. ಇಷ್ಟೆಲ್ಲ ಗೊತ್ತಿದ್ದವಳಿಗೆ, ಗಡಿಯಾರ ಒಂದು ತಾಸು ಮುಂದೆ ಹೋದರೆ ಆ ಹುಡುಗಿಯರು ಬೆಳಕು ಹರಿಯುವ ಮೊದಲೇ ಎಷ್ಟು ಕತ್ತಲಲ್ಲಿ ಮನೆ ಬಿಡಬೇಕಾದೀತು ಎಂಬ ಲೆಕ್ಕ ತಲೆಯಲ್ಲಿ ಬೇಡವೆಂದರೂ ಓಡುತ್ತಿತ್ತು.

“ಬರೇ ಮಾತಲ್ಲೇನವ್ವ,” ಎಂದು ಅವಳೇ ತಾಯಿಗೆ ಹೇಳಿದಳು, ತನಗೆ ತಾನೇ ಸಮಾಧಾನ ಹೇಳಿಕೊಳ್ಳುವವಳಂತೆ.

ಗುರುಶಾಂತವ್ವ ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತಿದರು. “ಹಿಂದಿನ ದೊಡ್ಡ ಲಡಾಯ್ಯಾಗ ಸರಕಾರದವರು ಹಿಂಗ ಗಡಿಯಾರ ಮುಂದ ಇಟ್ಟಿದ್ರು. ನೀ ಸಣ್ಣಾಕಿ, ನಿನಗ ನೆನಪಿರಲಿಕ್ಕಿಲ್ಲ. ನಿಮ್ಮಪ್ಪ ಸಂತಿಗೆ ಹೊಸಾ ಟೈಮು, ಉಣ್ಣಾಕ ಹಳೇ ಟೈಮು ಅಂತಿದ್ರು. ಆಕಳಿಗೆ ಮಾತ್ರ ಹೊಸದು ಕಡೀತನಕ ತಿಳೀಲಿಲ್ಲ, ಹಿಂಡಾಕ ಹೋದ್ರ ಒದೀತಿತ್ತು.” ಆಮೇಲೆ ನಗು ನಿಲ್ಲಿಸಿ, “ಮನಸ್ನ್ಯಾಗ ಇಲ್ಲದ್ದು ಮಾತಾಡಬೇಕಂದ್ರ ಸಣ್ಣಗ ಮಾತಾಡು ಮಗಳ,” ಎಂದರು.

ಅವಳೂ ಹಾಗೇ ನಿಶ್ಚಯಿಸಿದಳು. ಹೇಳಬೇಕಾದಷ್ಟು ಹೇಳಿ, ಸೋತು, ಬಂದುಬಿಡುವುದು.

ಎಲ್ಲಾಪುರದಲ್ಲಿ ಆ ದಿನ ಕೂರಲು ಜಾಗವಿಲ್ಲದೆ ಜನ ಕಿಟಕಿಗಳಲ್ಲಿ ನಿಂತಿದ್ದರು. ಎದುರು ಸಾಲಿನಲ್ಲಿ ಇನ್‌ಸ್ಪೆಕ್ಟರರು, ಅವರ ಪಕ್ಕ ಸೀತಾರಾಮ ಹೆಗಡೆಯವರು. ಶಿರಸಿಯಿಂದ ಬಂದ ಹೈಸ್ಕೂಲು ಮಾಸ್ತರರು ಮೊದಲು ಮಾತಾಡಿದರು. ದೊಡ್ಡ ದನಿ, ಹಾಸ್ಯದ ಮನುಷ್ಯ. ಸೂರ್ಯನಿಗೆ ನಾವು ನೌಕರರೇ ಹೊರತು ಸೂರ್ಯ ನಮಗೆ ಜವಾನನಲ್ಲ ಎಂದರು. ಬೊಂಬಾಯಿಯವರು ಮೊನ್ನೆ ಮೊನ್ನೆಯವರೆಗೂ ತಮ್ಮದೇ ಬೇರೆ ವೇಳೆ ಇಟ್ಟುಕೊಂಡು ಗೊಂದಲಪಟ್ಟದ್ದನ್ನು ಬಣ್ಣಿಸಿದರು. ಎಲ್ಲ ಸರಿಯಾಗಿಯೇ ಇತ್ತು. ಮುರಿಗೆವ್ವ ಒಳಗೊಳಗೇ ಹೌದು ಹೌದು ಎನ್ನುತ್ತಿದ್ದಳು. ಕೊನೆಗೆ ಅವರು ಅವಳ ಕಡೆ ತಿರುಗಿ, “ನಮ್ಮ ಅಕ್ಕೋರಿಗೆ ಒಂದು ತಾಸು ಮೊದಲೇ ಒಲೆ ಹಚ್ಚುವ ಆಸೆ ಇದ್ದರೆ ಅಡಿಗೆಮನೆಯ ಗಡಿಯಾರ ಮುಂದಿಟ್ಟುಕೊಳ್ಳಲಿ, ದೇಶದ ಗಡಿಯಾರದ ಗೊಡವೆ ಹೆಂಗಸರಿಗೆ ಯಾಕೆ?” ಎಂದರು.

ಸಭೆ ಗೊಳ್ಳೆಂದು ನಕ್ಕಿತು. ಕಿಟಕಿಯಲ್ಲಿದ್ದವರೂ ನಕ್ಕರು. ಮುರಿಗೆವ್ವನ ಕಿವಿ ಕಾಯಿತು. ಎದ್ದು ನಿಂತಳು. ಸಣ್ಣಗೆ ಮಾತಾಡುವ ಯೋಚನೆ ಎಲ್ಲಿ ಹೋಯಿತೋ.

“ಹೆಂಗಸರಿಗೆ ಗಡಿಯಾರದ ಗೊಡವೆ ಇಲ್ಲ, ನಿಜ,” ಎಂದು ಪುಸ್ತಕದ ಕನ್ನಡದಲ್ಲಿ ಶುರುಮಾಡಿದಳು. “ಕೋಳಿ ಕೂಗುವ ಮೊದಲೇ ಏಳುವವರಿಗೆ ಅದು ಬೇಕಾಗಿಯೂ ಇಲ್ಲ. ಗಡಿಯಾರ ಬೇಕಾಗಿರುವುದು ಬಿಸಿಲು ಮುಖಕ್ಕೆ ಬಡಿದ ಮೇಲೆ ಏಳುವವರಿಗೆ.” ಈ ಸಲ ನಗು ಆ ಕಡೆಗೆ ಹೋಯಿತು. ಅವಳು ನಿಲ್ಲಿಸಲಿಲ್ಲ. ಈ ದೇಶದಲ್ಲಿ ಮೂಡಣ ಗಡಿಗೆ ಬೆಳಕು ಮೊದಲು ಬರುತ್ತದೆ, ನಮ್ಮ ಪಡುವಣಕ್ಕೆ ತಡವಾಗಿ. ಆ ಗಡಿಯಲ್ಲಿ, ಆ ಹಿಮದಲ್ಲಿ, ನಮ್ಮ ಸೈನಿಕ ಎದ್ದು ಬಂದೂಕು ಹಿಡಿದು ನಿಂತಾಗ ನಾವು ಕಂಬಳಿ ಹೊದ್ದು ಮಲಗಿರುತ್ತೇವೆ. ಅವನಿಗೆ ಬೆಳಗಾದಾಗ ನಮಗೂ ಬೆಳಗಾಗಬೇಡವೇ? ಸಂಜೆ ಒಂದು ತಾಸು ಚಿಮಣಿ ಬುಡ್ಡಿ ಹಚ್ಚದಿದ್ದರೆ ಎಷ್ಟು ಎಣ್ಣೆ ಉಳಿದೀತು? ನಾವು ಕೊಡುವುದು ಬರೀ ಒಂದು ತಾಸಿನ ನಿದ್ದೆ. ಅಷ್ಟೂ ಕೊಡಲಾರೆವೇ?

ಕೊನೆಯ ಮಾತಿಗೆ ಚಪ್ಪಾಳೆ ಬಿತ್ತು, ನಿಲ್ಲುವ ಹಾಗೆ ಕಾಣಲಿಲ್ಲ. ಮುಂದಿನ ಸಾಲಿನ ಮುದುಕನೊಬ್ಬ ಕಣ್ಣೊರೆಸಿಕೊಂಡ. ಬಹುಮಾನದ ಹಿತ್ತಾಳೆ ತಂಬಿಗೆಯನ್ನು ಇನ್‌ಸ್ಪೆಕ್ಟರರು ಅವಳ ಕೈಗೆ ಕೊಟ್ಟರು. ಜೀವಮಾನದಲ್ಲಿ ಮೊದಲ ಸಲ ಮುರಿಗೆವ್ವ ಯಾವ ಚಿಂತೆಯೂ ಇಲ್ಲದೆ ನಿಂತಿದ್ದಳು.

ಅಷ್ಟರಲ್ಲಿ ಸೀತಾರಾಮ ಹೆಗಡೆಯವರು ವೇದಿಕೆ ಹತ್ತಿದರು.

“ಅಕ್ಕೋರ ಮಾತು ಬರೀ ಚಪ್ಪಾಳೆಗೆ ಹೋಗಬಾರದು. ದೇಶದ ಗಡಿಯಾರ ನಮ್ಮ ಕೈಲಿಲ್ಲ, ನಮ್ಮ ಶಾಲೆಯ ಗಡಿಯಾರ ನಮ್ಮ ಕೈಲಿದೆ. ಬರುವ ಸೋಮವಾರದಿಂದ ಒಂದು ತಿಂಗಳು ಜಡೆಕೊಪ್ಪದ ಶಾಲೆ ಒಂದು ತಾಸು ಮುಂದೆ ನಡೀತದೆ. ಸೈನಿಕನ ಜೊತೆಗೆ ನಮ್ಮ ಮಕ್ಕಳೂ ಏಳಲಿ!”

ಇನ್‌ಸ್ಪೆಕ್ಟರರು ತಲೆಯಾಡಿಸಿದರು. ಮತ್ತೆ ಚಪ್ಪಾಳೆ. ಬೇಡ ಎನ್ನಲು ಮುರಿಗೆವ್ವ ಬಾಯಿ ತೆರೆದಳು. ಇಷ್ಟು ಹೊತ್ತು ನಿರರ್ಗಳವಾಗಿ ಬಂದ ಮಾತು ಒಂದಕ್ಷರವೂ ಹೊರಡಲಿಲ್ಲ.

ಮಾರನೆಯ ದಿನ ಹೆಗಡೆಯವರ ಮನೆಗೆ ಹೋದಳು. ಅವರು ಜಗುಲಿಯಿಂದಲೇ ಒಳಕ್ಕೆ ಕೂಗಿದರು: “ಗಂಗಾ, ಅಕ್ಕೋರು ಬೈಂದ. ಎಂತಾರೂ ಆಸ್ರಿಗೆ ತಗಬಾ.” ಹೆಂಡತಿ ಗಂಗಾ ಬಾಯಾರಿಕೆಗೆ ಮಜ್ಜಿಗೆ ತಂದಿಟ್ಟರು. ಮುರಿಗೆವ್ವ ಲೋಟ ಹಿಡಿದುಕೊಂಡೇ ಮಾತು ತೆಗೆದಳು.

“ಕೂಪಿನ ಕೇರಿ ಹುಡುಗ್ಯಾರು ದೂರದಿಂದ ಬರ್ತಾವ್ರಿ. ಮುಂಜಾನಿ ಭಾಳ ಕತ್ತಲಿರ್ತೈತಿ. ಬೇಸಿಗಿ ಬಂದಮ್ಯಾಲ ನೋಡೂಣಲ್ರಿ?”

“ನಾಲ್ಕು ದಿನ ಕಷ್ಟ ಆಗ್ತದೆ, ಆಮೇಲೆ ರೂಢಿ ಆಗ್ತದೆ. ನೀವೇ ಹೇಳಿದ್ದಲ್ಲವಾ, ಒಂದು ತಾಸಿನ ನಿದ್ದೆ ಅಂತ?” ಹೆಗಡೆಯವರು ನಕ್ಕರು. ಅವರ ನಗುವಿನಲ್ಲಿ ಕಪಟವಿರಲಿಲ್ಲ, ನಿಜಕ್ಕೂ ಅವಳ ಮೇಲೆ ಅಭಿಮಾನವಿತ್ತು. ಆ ಅಭಿಮಾನವೇ ಮುರಿಗೆವ್ವನ ಬಾಯಿ ಕಟ್ಟಿತು. ಜೊತೆಗೆ, ಅವರು ಒಂದು ಮಾತು ಹೇಳಿದರೆ ತನಗೆ ಬೇರೆ ಊರಿಗೆ ವರ್ಗವಾದೀತೆಂಬ ಭಯವೂ. ಮಜ್ಜಿಗೆ ಕುಡಿದು ಎದ್ದು ಬಂದಳು.

ಸೋಮವಾರ ಅವಳು ಕಂದೀಲು ಹಿಡಿದು ಕಾಡಿನ ದಾರಿಯಲ್ಲಿ ಕೇರಿಯ ಹುಡುಗಿಯರಿಗೆ ಎದುರಾಗಿ ನಡೆದಳು. ಹಳ್ಳದ ಹತ್ತಿರ ನಿಂತು ಕಿವಿಗೊಟ್ಟಳು. ಮಂಜು ಎಷ್ಟಿತ್ತೆಂದರೆ ಕಂದೀಲಿನ ಬೆಳಕು ಅವಳ ಕಾಲ ಬುಡಕ್ಕೇ ಬಿದ್ದು ಸಾಯುತ್ತಿತ್ತು. ಎಲೆ ಸರಿದರೂ ಎದೆ ಹಾರುತ್ತಿತ್ತು. ಕೊನೆಗೆ ದೂರದಲ್ಲಿ ಹುಡುಗಿಯರು ಹೆದರಿಕೆಗೆ ಗಟ್ಟಿಯಾಗಿ ಮಗ್ಗಿ ಹೇಳುತ್ತ ಬರುವುದು ಕೇಳಿಸಿತು. ಆ ದನಿ ಕೇಳಿದ ಮೇಲೆ ಅವಳು ಉಸಿರು ಬಿಟ್ಟಳು.

ಹೀಗೇ ದಿನವೂ. ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಎದ್ದು ಎದ್ದು ಬಾಗಿಲು ತೆರೆದು ಆಕಾಶ ನೋಡುತ್ತಿದ್ದಳು. ಬರುವವರು ಕಡಿಮೆಯಾಗುತ್ತ ಹೋದರು. ಒಬ್ಬಳಿಗೆ ನೆಗಡಿ, ಇನ್ನೊಬ್ಬಳ ಅವ್ವ ಬೇಡವೆಂದಳು. ಅಕ್ಕೋರು ಹಳ್ಳದವರೆಗೆ ಬರುತ್ತಾರೆಂಬ ಧೈರ್ಯಕ್ಕೆ ಜಟ್ಟಪ್ಪ ಕಳಿಸುತ್ತಿದ್ದುದರಿಂದ ನಾಗಿ ಮಾತ್ರ ತಪ್ಪಿಸಲಿಲ್ಲ, ನಾಗಿ ಬರುವುದರಿಂದ ಹೊನ್ನಿಯೂ.

ಎರಡನೆಯ ವಾರದಲ್ಲಿ ಗುರುಶಾಂತವ್ವನಿಗೆ ಜ್ವರ ಬಂತು. ತಾಯಿಗೆ ಕಷಾಯ ಕಾಸಿಕೊಟ್ಟು ಮುರಿಗೆವ್ವ ಹೊರಡುವಾಗ ತಡವಾಗಿತ್ತು. ಹಳ್ಳದವರೆಗೆ ಹೋಗಲಾಗಲಿಲ್ಲ, ನೇರ ಶಾಲೆಗೆ ಹೋದಳು. ಊರಿನ ಮಕ್ಕಳು ಬಂದರು. ಪ್ರಾರ್ಥನೆ ಮುಗಿಯಿತು. ನಾಗಿ, ಹೊನ್ನಿ ಕಾಣಲಿಲ್ಲ. ಇವತ್ತು ಮನೆಯಲ್ಲೇ ಬಿಟ್ಟಿರಬೇಕು, ಒಳ್ಳೆಯದೇ ಆಯಿತು ಎಂದು ಸಮಾಧಾನ ಮಾಡಿಕೊಂಡು ಪಾಠ ಶುರುಮಾಡಿದಳು. ಹಲಗೆಯ ಮೇಲೆ ಬರೆದದ್ದನ್ನೇ ಮತ್ತೆ ಬರೆದಳು. ಅಷ್ಟರಲ್ಲಿ ಕೇರಿಯ ಕಡೆಯಿಂದ ಸೌದೆ ತಂದ ಹೆಂಗಸೊಬ್ಬಳು ಬಾಗಿಲಲ್ಲಿ ಇಣುಕಿ, “ಜಟ್ಟಪ್ಪನ ಹುಡುಗಿ ಮುಟ್ಟಿತೇನ್ರಿ? ನಾ ಏಳೋ ಹೊತ್ತಿಗೇ ಹೊರಟಿದ್ವು,” ಎಂದಳು.

ಮುರಿಗೆವ್ವನ ಕೈಯಿಂದ ಸೀಮೆಸುಣ್ಣ ಬಿತ್ತು. ಮುಖ್ಯ ಮಾಸ್ತರರಿಗೆ ತಿಳಿಸಲು ಒಬ್ಬನನ್ನು ಓಡಿಸಿ, ಮಕ್ಕಳನ್ನು ಆ ಹೆಂಗಸಿಗೆ ಒಪ್ಪಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದಳು.

ಆಗಿನ್ನೂ ಬಿಸಿಲು ಮರದ ತುದಿಯಲ್ಲಿತ್ತು. ಹಳ್ಳ ದಾಟಿ ಸ್ವಲ್ಪ ಮೇಲಕ್ಕೆ ಹೋಗುವಾಗ ದಾರಿಯ ಮಧ್ಯೆ ಮಕ್ಕಳು ಬರೆಯುವ ಪಾಟಿಯೊಂದು ಬಿದ್ದಿತ್ತು, ನಡುವೆ ಬಿರುಕು ಬಿಟ್ಟು. ಅದು ಹೊನ್ನಿಯದು. ಮುರಿಗೆವ್ವ ಅದನ್ನು ಎತ್ತಿಕೊಂಡು ಎದೆಗೆ ಅವಚಿ “ನಾಗೀ” ಎಂದು ಕೂಗಿದಳು. ದನಿ ಅವಳಿಗೇ ಅಪರಿಚಿತವಾಗಿತ್ತು. ಪೊದೆಗಳಲ್ಲಿ ನುಗ್ಗಿದಳು, ಮುಳ್ಳು ತಾಗಿದ್ದು ಗೊತ್ತಾಗಲಿಲ್ಲ. ಬಸವಣ್ಣ, ಬಸವಣ್ಣ ಎನ್ನುತ್ತಿದ್ದಳು. ಕೂಪಿನ ಕಡೆಯಿಂದ ಜನ ಕೊಡಲಿ ಹಿಡಿದು ಬರುವುದು ಕಾಣಿಸಿತು. ಅವಳ ಕೂಗು ಅಲ್ಲಿಗೂ ಮುಟ್ಟಿತ್ತು. ಮುಂದೆ ಜಟ್ಟಪ್ಪ. ಅವನು ಅವಳನ್ನು ನೋಡಿದ, ಅವಳ ಕೈಯಲ್ಲಿದ್ದ ಪಾಟಿಯನ್ನು ನೋಡಿದ, ಪೊದೆ ಸರಿಸುತ್ತ ಮುಂದೆ ಹೋದ.

ಸಿಕ್ಕಿದ್ದು ಗದ್ದೆಯಂಚಿನ ಕಾವಲು ಮಾಳದ ಮೇಲೆ. ಸುಗ್ಗಿ ಮುಗಿದು ಖಾಲಿ ಬಿದ್ದಿದ್ದ ಆ ಅಟ್ಟದ ಮೂಲೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದು ಕೂತಿದ್ದರು. ಕತ್ತಲಲ್ಲಿ ದಾರಿಗೆ ಅಡ್ಡ ಕರಡಿ ಎದ್ದು ನಿಂತಿತ್ತಂತೆ. ಓಡುವಾಗ ಹೊನ್ನಿ ಕಲ್ಲಿನ ಸಂದಿಗೆ ಕಾಲು ಸಿಕ್ಕಿಸಿಕೊಂಡು ಬಿದ್ದಳು. ನಾಗಿ ಅವಳನ್ನು ಎಳೆದು, ಹೇಗೆ ಎಂದು ಅವಳಿಗೂ ಹೇಳಲಾಗಲಿಲ್ಲ, ಮಾಳಕ್ಕೆ ಹತ್ತಿಸಿದ್ದಳು. ಕೂಗಿದರೆ ಕರಡಿಗೆ ಕೇಳೀತೆಂದು, ಜನರ ದನಿ ಕೇಳಿದರೂ ಕೂಗಿರಲಿಲ್ಲ. ಹೊನ್ನಿಯ ಪಾದ ತಿರುಚಿ ಊದಿಕೊಂಡಿತ್ತು.

ಜಟ್ಟಪ್ಪ ಮಗಳನ್ನು ಇಳಿಸಿ ನೆಲಕ್ಕೆ ನಿಲ್ಲಿಸಿದ. ಆಮೇಲೆ ಹೊನ್ನಿಯನ್ನು ಹೆಗಲಿಗೆ ಹಾಕಿಕೊಂಡ. ಮುರಿಗೆವ್ವ ಕೈ ಮುಂದೆ ಮಾಡಿದಳು, ಅವನು ಸರಿದು ನಿಂತ.

“ನಿಮ್ಮ ಮಾತು ನಂಬ್ಕಂಡು ಕಳಸಿದ್ದೆ,” ಎಂದ. ಬೈಗುಳವಾಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

ಸಂಜೆ ಶಾಲೆಯಲ್ಲಿ ಕಮಿಟಿ ಸೇರಿತು. ಹೆಗಡೆಯವರ ಮುಖ ಬಿಳುಚಿತ್ತು. ಹುಡುಗಿಯ ಔಷಧಿಯ ಖರ್ಚು ತನ್ನದು ಎಂದರು. ಕೇರಿಯ ಮಕ್ಕಳಿಗೆ ಒಬ್ಬ ಕಾವಲಿನವನನ್ನು ಇಡುವಾ ಎಂದರು. “ಆದರೆ ಇಡೀ ತಾಲೂಕಿನ ಎದುರು ಒಂದು ತಿಂಗಳು ಅಂತ ಹೇಳಿಬಿಟ್ಟಿದ್ದೇನೆ. ನಡುವೆ ಬಿಟ್ಟರೆ ಎಂತ ಹೇಳ್ತಾರೆ?”

ಮುರಿಗೆವ್ವ ಎದ್ದು ನಿಂತಳು. ಎಲ್ಲಾಪುರದ ವಾಗ್ಝರಿ ಇರಲಿಲ್ಲ. ಮಾತು ತಡವರಿಸುತ್ತಿತ್ತು, ಎದುರಿಗೆ ಯಾರ ಮುಖವನ್ನೂ ನೋಡಲಾಗುತ್ತಿರಲಿಲ್ಲ.

“ಬ್ಯಾಡ್ರಿ. ಗಡಿಯಾರ ಹಿಂದ ಇಡ್ರಿ.”

“ನೀವೇ ಅಲ್ಲವಾ ಅಕ್ಕೋರೇ, ಎಲ್ಲಾಪುರದಲ್ಲಿ ಎಲ್ಲರ ಕಣ್ಣಲ್ಲಿ ನೀರು ತರಿಸಿದ್ದು?”

“ನಾನಽ ರಿ. ಅಲ್ಲಿ ನಕ್ಕವರನ್ನ ಗೆಲ್ಲಾಕ ಮಾತಾಡಿದೆ. ಬರೇ ಒಂದು ತಾಸಿನ ನಿದ್ದಿ ಅಂದೆ. ನಾಗಿ, ಹೊನ್ನಿ ಕೊಟ್ಟದ್ದು ನಿದ್ದಿ ಅಲ್ರಿ.” ಸ್ವಲ್ಪ ನಿಂತು, ಮತ್ತೆ ಹೇಳಿದಳು: “ನಾಳಿಂದ ನಾನು ಬೆಳಕ ನೋಡಿ ಸಾಲಿ ತಗೀತೀನ್ರಿ. ಯಾರಿಗೆ ಬರಿಬೇಕೋ ಬರೀರಿ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬೊಬ್ಬರಾಗಿ ಎದ್ದು ಹೋದರು. ಅವಳು ಮನೆಗೆ ಬಂದು ತಾಯಿಯ ಕಾಲ ಬಳಿ ಕೂತಳು. ನೌಕರಿ ಹೋದರೆ ಈ ಮುದುಕಿಯನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ ಎಂಬ ಚಿಂತೆ ಆಗ ಹತ್ತಿತು, ಬೆಳಗಾಗುವವರೆಗೂ ಬಿಡಲಿಲ್ಲ.

ಎರಡು ದಿನ ಅವಳು ತನ್ನ ಹೊತ್ತಿಗೇ ಬಾಗಿಲು ತೆಗೆದಳು. ಮೂರನೆಯ ದಿನ ಸೀತಾರಾಮ ಹೆಗಡೆಯವರು ಬಂದರು. ಅವಳ ಕಡೆ ನೋಡದೆ ಒಂದು ಬೆಂಚು ಎಳೆದುಕೊಂಡು, ಹತ್ತಿ, ಗೋಡೆಯ ಗಡಿಯಾರದ ಮುಳ್ಳನ್ನು ತಾವೇ ಸರಿಮಾಡಿ ಹೋದರು.

ಕೇರಿಯವರು ಮಾತ್ರ ಮಕ್ಕಳನ್ನು ಶಾಲೆಗೆ ಕಳಿಸುವುದನ್ನೇ ಬಿಟ್ಟಿದ್ದರು. ಮುರಿಗೆವ್ವ ಮತ್ತೆ ಭಾನುವಾರಗಳಲ್ಲಿ ಅಲ್ಲಿಗೆ ನಡೆದಳು. ಜಟ್ಟಪ್ಪ ಅವಳನ್ನು ಕಂಡರೆ ಎದ್ದು ಕೋಣಗಳ ಹತ್ತಿರ ಹೋಗಿಬಿಡುತ್ತಿದ್ದ. ಅವಳು ಹೊನ್ನಿಯ ಮನೆಯಲ್ಲಿ ಕೂತು, ಪಟ್ಟಿ ಕಟ್ಟಿದ ಕಾಲನ್ನು ಚಾಚಿ ಮಲಗಿದ ಹುಡುಗಿಗೆ ಓದಿಸುತ್ತಿದ್ದಳು. ಶಿವರಾತ್ರಿ ಕಳೆದ ಮೇಲೆ ಒಂದು ದಿನ, ಚೆನ್ನಾಗಿ ಬೆಳಕಾದ ಹೊತ್ತಿನಲ್ಲಿ, ನಾಗಿ ಶಾಲೆಗೆ ಬಂದಳು. ಹಿಂದೆ ಕೊಡಲಿ ಹೆಗಲಿಗಿಟ್ಟ ಜಟ್ಟಪ್ಪ. ಮಗಳು ಒಳಗೆ ಹೋಗುವವರೆಗೆ ನಿಂತು, ತಿರುಗಿ ಹೋದ. ಹೊನ್ನಿಯ ಕಾಲು ಸರಿಯಾಗಿ ಕೂಡಲಿಲ್ಲ. ಅಷ್ಟು ದೂರ ನಡೆಯಲು ಅವಳಿಂದ ಮತ್ತೆ ಆಗಲೇ ಇಲ್ಲ.

ಜೂನಿನಲ್ಲಿ ಮುರಿಗೆವ್ವನಿಗೆ ಶಿರಸಿ ತಾಲೂಕಿನ ಹುಲಗೋಳದ ಕಡೆಗೆ ವರ್ಗವಾಯಿತು. ಅದರಲ್ಲಿ ಹೆಗಡೆಯವರ ಕೈ ಇತ್ತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ, ವಿಚಾರಿಸಲೂ ಇಲ್ಲ. ಹೊರಡುವ ದಿನ ಅವರು ಕಿರವತ್ತಿಯ ಬಸ್ಸಿನವರೆಗೆ ಬಂದು, “ಮನಸ್ಸಲ್ಲಿ ಎಂತದೂ ಇಟ್ಕೊಳ್ಳಬೇಡಿ ಅಕ್ಕೋರೇ,” ಎಂದರು. ಅವಳು ಕೈಮುಗಿದಳು. ಬಸ್ಸು ಹೊರಟ ಮೇಲೆ ಅವಳಿಗೆ ನೆನಪಾದದ್ದು ಹೊನ್ನಿ ಮೂರನೆಯ ತರಗತಿಯ ಪುಸ್ತಕದ ಅರ್ಧದಲ್ಲಿದ್ದಾಳೆ, ಇನ್ನು ಓದಿಸುವವರು ಯಾರು ಎಂಬುದು.

ಹೊಸ ಊರಿನಲ್ಲಿ ಎರಡು ವರ್ಷ ಕಳೆದಿರಬೇಕು, ಪಾಕಿಸ್ತಾನದ ಮೇಲೆ ಲಡಾಯಿ ಹತ್ತಿತು. ಒಂದು ದಿನ ಶಾಲೆಯಲ್ಲಿ ಜೊತೆಯ ಮಾಸ್ತರರೊಬ್ಬರು, ಈ ಸಲ ಗಡಿಯಾರ ಮುಂದಿಡುತ್ತಾರಂತೆ, ಎಲ್ಲ ಕಡೆ ಅದೇ ಮಾತು ಎಂದರು. ಇನ್ನೊಬ್ಬರು ಒಳ್ಳೆಯದೇ ಎಂದರು, ಮತ್ತೊಬ್ಬರು ಇಲ್ಲ ಎಂದರು, ಮಾತು ಜೋರಾಯಿತು. ಚರ್ಚೆಯಲ್ಲಿ ಬಹುಮಾನ ತೆಗೆದುಕೊಂಡವರಲ್ಲವೇ, ನೀವು ಹೇಳಿ ಎಂದು ಅವಳನ್ನು ಕೇಳಿದರು.

ಮುರಿಗೆವ್ವ ಎದ್ದು ಅಂಗಳಕ್ಕೆ ಹೋಗಿ, ಆಡುತ್ತಿದ್ದ ಮಕ್ಕಳನ್ನು ಹತ್ತಿರ ಕರೆದಳು. ಒಬ್ಬೊಬ್ಬರ ತಲೆ ಮುಟ್ಟಿ ಕೇಳತೊಡಗಿದಳು: “ನಿಮ್ಮ ಮನಿ ಎಲ್ಲೈತಿ? ದಾರ್ಯಾಗ ಹಳ್ಳ ಐತೇನು? ಜೋಡಿ ಯಾರು ಬರ್ತಾರ?”